ಕಣ್ಣಿನ ಜಲರಸದಲ್ಲಿ ಮೇದಸ್ಸಿನ ವಾಹಕಗಳು: ಗ್ಲಾಕೋಮ ಕುರಿತು ಒಂದು ವಿವೇಚನೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಭೋಜನಕ್ಕೆ ಮುಂಚಿನ ಉಪನ್ಯಾಸ ಎಷ್ಟು ಕಷ್ಟದ ಕೆಲಸವೆಂಬುದನ್ನು ಬಲ್ಲೆ. ಪಕ್ಕದ ಕೋಣೆಯಿಂದ ಬಿಸಿಬೇಳೆ ಭಾತಿನ ಪರಿಮಳ ತೇಲಿ ಬರುತ್ತಿರುವಾಗ ಪ್ರೋಟೀನುಗಳ ವಿಚಾರವನ್ನು ಮಾತನಾಡುವವನಿಗೆ ಸಭಿಕರ ಸಹನೆ ಬಹಳವಾಗಿ ಬೇಕಾಗುತ್ತದೆ. ಆದರೂ ಈ ವಿಷಯವನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ನಾನು ನೇತ್ರತಜ್ಞನಲ್ಲ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮಾಡಿದವನು. ಕೊಲೆಸ್ಟರಾಲ್ ವರದಿಗಳನ್ನು ಓದಿ ಹೇಳುವುದು ನನ್ನ ನಿತ್ಯದ ಕಾಯಕ. ಈಚೆಗೆ ನಮ್ಮವರೇ ಆದ ಹಿರಿಯರೊಬ್ಬರು ಹೀಗೆ ಕೇಳಿದರು: "ಡಾಕ್ಟರೇ, ಗ್ಲಾಕೋಮಕ್ಕೂ ಕೊಲೆಸ್ಟರಾಲಿಗೂ ಸಂಬಂಧವಿದೆಯಂತೆ. ಹೇಗೂ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದೇನೆ. ಇನ್ನು ಕಣ್ಣಿಗೆ ಹನಿ ಹಾಕುವುದನ್ನು ಬಿಟ್ಟರೆ ಆಗದೇ?"

ಆಗದು ಎಂಬುದು ಉತ್ತರ. ಆದರೆ ಅವರು ಓದಿದ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಕಣ್ಣಿನೊಳಗಿನ ದ್ರವದಲ್ಲಿ ಮೇದಸ್ಸನ್ನು, ಅಂದರೆ ಜಿಡ್ಡಿನ ಅಂಶವನ್ನು, ಹೊತ್ತು ತಿರುಗುವ ಪ್ರೋಟೀನುಗಳಿವೆ. ಅವುಗಳಿಗೂ ಗ್ಲಾಕೋಮಕ್ಕೂ ನಂಟಿರುವುದಕ್ಕೆ ಸಾಕ್ಷ್ಯಗಳು ದೊರೆಯುತ್ತಿವೆ. ಆ ನಂಟು ಎಂಥದು, ಅದರಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂಬುದೇ ಈ ದಿನದ ವಿಷಯ.

ಮೊದಲು ಕಣ್ಣಿನ ರಚನೆಯನ್ನು ಸ್ವಲ್ಪ ನೋಡೋಣ. ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕ ಕಾರ್ನಿಯಾ ಮತ್ತು ಒಳಗಿರುವ ಮಸೂರ, ಇವೆರಡರಲ್ಲಿಯೂ ರಕ್ತನಾಳಗಳಿಲ್ಲ. ಇದ್ದರೆ ಬೆಳಕಿಗೆ ಅಡ್ಡಿಯಾಗುತ್ತಿತ್ತು. ಆದರೆ ಜೀವಕೋಶಗಳೆಂದ ಮೇಲೆ ಆಹಾರ ಬೇಕು, ಕಸ ಹೊರಹೋಗಬೇಕು. ಈ ಕೆಲಸವನ್ನು ಜಲರಸವೆಂಬ ತಿಳಿಯಾದ ದ್ರವ ಮಾಡುತ್ತದೆ. ನೇತ್ರತಜ್ಞರು ಅಕ್ವಿಯಸ್ ಹ್ಯೂಮರ್ ಎನ್ನುವುದು ಇದನ್ನೇ. ಇದು ಕಣ್ಣೀರಲ್ಲ, ಕಣ್ಣೀರು ಹೊರಗಿನದು, ಇದು ಒಳಗಿನದು. ವರ್ಣಪಟಲದ ಹಿಂದಿರುವ ಸಿಲಿಯರಿ ಅಂಗವು ಇದನ್ನು ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೊಲೀಟರಿನಷ್ಟು ಸ್ರವಿಸುತ್ತದೆ. ಅದು ಕಣ್ಣಪಾಪೆಯ ಮೂಲಕ ಮುಂದಿನ ಕೋಣೆಗೆ ಹರಿಯುತ್ತದೆ. ಆ ಕೋಣೆಯ ಗಾತ್ರ ಸುಮಾರು ಕಾಲು ಮಿಲಿಲೀಟರು, ಅಂದರೆ ಐದಾರು ಹನಿಯಷ್ಟೇ. ಅಲ್ಲಿನ ದ್ರವವೆಲ್ಲ ಒಂದೂವರೆ ಎರಡು ಗಂಟೆಗೊಮ್ಮೆ ಹೊಸದಾಗುತ್ತದೆ.

ನಮ್ಮ ಕಡೆಯ ಕೆರೆಗಳನ್ನು ನೆನೆದರೆ ಮುಂದಿನದು ಸುಲಭವಾಗಿ ಅರ್ಥವಾದೀತು. ಕೆರೆಗೆ ನೀರು ಬರುತ್ತದೆ, ತೂಬಿನ ಮೂಲಕ ಹೋಗುತ್ತದೆ, ಕೋಡಿಯಲ್ಲಿ ಒಂದಷ್ಟು ಹರಿಯುತ್ತದೆ. ಕಣ್ಣಿನ ತೂಬು ಎಂದರೆ ಕಾರ್ನಿಯಾ ಮತ್ತು ವರ್ಣಪಟಲ ಕೂಡುವ ಕೋನದಲ್ಲಿರುವ ಜಾಲರಿಯಂಥ ಅಂಗಾಂಶ. ಅದರಾಚೆಗೆ ಶ್ಲೆಮ್ ನಾಳವಿದೆ. ಅಲ್ಲಿಂದ ಜಲರಸವು ರಕ್ತನಾಳಗಳನ್ನು ಸೇರುತ್ತದೆ. ಇದಲ್ಲದೆ ಸ್ವಲ್ಪ ಭಾಗ ಸ್ನಾಯುತಂತುಗಳ ನಡುವೆ ಜಿನುಗಿ ಹೊರಹೋಗುತ್ತದೆ, ಅದನ್ನು ಕೋಡಿಯೆನ್ನೋಣ. ಒಳಹರಿವು ಎಂದಿನಂತೆ ಇದ್ದು ತೂಬಿನಲ್ಲಿ ತಡೆಯುಂಟಾದರೆ ಒಳಗಿನ ಒತ್ತಡ ಏರುತ್ತದೆ. ಪಾದರಸದ 10ರಿಂದ 21 ಮಿಲಿಮೀಟರುಗಳವರೆಗಿನ ಒತ್ತಡವನ್ನು ಸಾಮಾನ್ಯವೆಂದು ಪರಿಗಣಿಸುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ರಕ್ತದೊತ್ತಡವೇ ಬೇರೆ, ಇದೇ ಬೇರೆ. ರಕ್ತದೊತ್ತಡ ಸರಿಯಿದ್ದವರ ಕಣ್ಣಿನೊತ್ತಡವೂ ಸರಿಯಿರುತ್ತದೆಂದು ಭಾವಿಸುವವರು ನಮ್ಮಲ್ಲಿ ಬಹಳ ಮಂದಿ.

ಒತ್ತಡದಿಂದ ಘಾಸಿಗೊಳ್ಳುವುದು ಕಣ್ಣಿನ ಹಿಂಭಾಗದ ದೃಷ್ಟಿನರ. ಸುಮಾರು ಹತ್ತು ಲಕ್ಷ ತಂತುಗಳ ಈ ನರ ನಿಧಾನವಾಗಿ ಸವೆಯುತ್ತ ಹೋಗುತ್ತದೆ. ಮೊದಲು ಬದಿಯ ನೋಟ ಹೋಗುತ್ತದೆ. ಎದುರಿನ ನೋಟ ಚೆನ್ನಾಗಿಯೇ ಇರುವುದರಿಂದ ರೋಗಿಗೆ ತಿಳಿಯುವುದಿಲ್ಲ. ನೋವಿಲ್ಲ, ಕೆಂಪಿಲ್ಲ. ಹೋದದ್ದು ಮರಳಿ ಬರುವುದೂ ಇಲ್ಲ. ಇದು ತೆರೆದ ಕೋನದ ಗ್ಲಾಕೋಮ. ಇನ್ನೊಂದು ಬಗೆಯಲ್ಲಿ ಕೋನವೇ ಮುಚ್ಚಿಹೋಗಿ ಒಮ್ಮೆಗೇ ಅಸಹನೀಯ ನೋವು ಬರುವುದುಂಟು. ಸುಶ್ರುತ ಸಂಹಿತೆಯಲ್ಲಿ ಬರುವ ಅಧಿಮಂಥ, ಅಂದರೆ ಕಣ್ಣನ್ನು ಕಡೆಗೋಲಿನಿಂದ ಕಡೆದಂಥ ನೋವು, ಇದೇ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಬಗೆಯವರು ನೋವಿನಿಂದಲಾದರೂ ವೈದ್ಯರ ಬಳಿಗೆ ಓಡಿ ಬರುತ್ತಾರೆ. ಮೊದಲ ಬಗೆಯವರು ಬರುವುದಿಲ್ಲ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮವಿದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ತಮಗೆ ಆ ರೋಗವಿರುವುದೇ ತಿಳಿದಿರಲಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಒತ್ತಡ 21ನ್ನು ದಾಟದಿದ್ದರೂ ನರ ಸವೆಯುವವರಿದ್ದಾರೆ. ಒತ್ತಡ 26 ಇದ್ದರೂ ವರ್ಷಗಟ್ಟಲೆ ಏನೂ ಆಗದವರಿದ್ದಾರೆ. ತೂಬಿನಲ್ಲಿ ತಡೆಯೇಕೆ ಬರುತ್ತದೆ, ಕೆಲವರ ನರವೇಕೆ ಬೇಗ ಸೋಲುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದವರು ಜಲರಸದ ರಾಸಾಯನಿಕ ವಿಶ್ಲೇಷಣೆಗೆ ತೊಡಗಿದರು.

ರಕ್ತದ ದ್ರವಭಾಗದಲ್ಲಿ 100 ಮಿಲಿಲೀಟರಿಗೆ ಸುಮಾರು 7 ಗ್ರಾಂ ಪ್ರೋಟೀನಿರುತ್ತದೆ. ಜಲರಸದಲ್ಲಿ ಅದು ಕೆಲವೇ ಹತ್ತು ಮಿಲಿಗ್ರಾಂ, ಅಂದರೆ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ರಕ್ತಕ್ಕೂ ಜಲರಸಕ್ಕೂ ನಡುವೆ ಬಿಗಿಯಾದ ತಡೆಗೋಡೆಯಿದ್ದು ದೊಡ್ಡ ಕಣಗಳನ್ನು ಅದು ಒಳಗೆ ಬಿಡುವುದಿಲ್ಲ. ಇನ್ನು ಮೇದಸ್ಸಿನ ಪಾಡು ನಿಮಗೆ ಗೊತ್ತೇ ಇದೆ: ಸಾರಿನ ಮೇಲೆ ತುಪ್ಪ ತೇಲುವಂತೆ ಅದು ನೀರಿನೊಡನೆ ಬೆರೆಯದು. ಕೊಲೆಸ್ಟರಾಲಾಗಲಿ, ಕೊಬ್ಬಿನಾಮ್ಲಗಳಾಗಲಿ ದೇಹದಲ್ಲಿ ಸಂಚರಿಸಬೇಕಾದರೆ ಪ್ರೋಟೀನಿನ ಹೆಗಲೇರಿಯೇ ಸಂಚರಿಸಬೇಕು. ಅಂಥ ವಾಹಕಗಳಿಗೆ ಎಪೊಲಿಪೊಪ್ರೋಟೀನುಗಳೆಂದು ಹೆಸರು. ವಾಹಕವೂ ಜಿಡ್ಡೂ ಸೇರಿದ ಕಣವೇ ಲಿಪೊಪ್ರೋಟೀನು. ನಿಮ್ಮ ವರದಿಯಲ್ಲಿ ಎಲ್‌ಡಿಎಲ್, ಎಚ್‌ಡಿಎಲ್ ಎಂದು ಬರೆದಿರುವುದು ಇಂಥ ಎರಡು ಕಣಗಳ ಹೆಸರುಗಳು. ಎಲ್‌ಡಿಎಲ್ ದೊಡ್ಡದು, ಅದು ಜಲರಸದೊಳಕ್ಕೆ ಬಹುಮಟ್ಟಿಗೆ ಬರುವುದೇ ಇಲ್ಲ. ಅಲ್ಲಿ ಕಾಣಸಿಗುವುದು ಮುಖ್ಯವಾಗಿ ಎಚ್‌ಡಿಎಲ್ ಬಗೆಯ ಚಿಕ್ಕ ಕಣಗಳು. ಕಣ್ಣಿನ ಕೊಲೆಸ್ಟರಾಲ್ ವ್ಯವಹಾರವು ರಕ್ತದ ಕೊಲೆಸ್ಟರಾಲ್ ವ್ಯವಹಾರದ ಪ್ರತಿಬಿಂಬವಲ್ಲ ಎನ್ನುವುದಕ್ಕೆ ಇದು ಮೊದಲ ಸೂಚನೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಜಲರಸದಲ್ಲಿ ಗುರುತಿಸಲಾದ ಇಂಥ ವಾಹಕಗಳಲ್ಲಿ ಎಪೊ ಎ-1, ಎಪೊ ಡಿ, ಎಪೊ ಇ ಮುಖ್ಯವಾದವು. ಕ್ಲಸ್ಟರಿನ್ ಎಂಬ ಇನ್ನೊಂದಿದೆ. ಎಪೊ ಜೆ ಎಂಬುದು ಅದರದೇ ಇನ್ನೊಂದು ಹೆಸರು. ಮಡಿಕೆ ಕೆಟ್ಟ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟದಂತೆ ನೋಡಿಕೊಳ್ಳುವುದು ಇದರ ಕೆಲಸ. ಕೆಲವು ವಯೋವೃದ್ಧರ ಮಸೂರದ ಮೇಲೆ ಬೂದಿಯಂಥ ಬಿಳಿ ಪುಡಿ ಕೂಡುತ್ತದೆ. ಅದು ಕೊಚ್ಚಿಹೋಗಿ ಜಾಲರಿಯಲ್ಲಿ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಫಿನ್ಲೆಂಡಿನ ಲಿಂಡ್‌ಬರ್ಗ್ ಎಂಬ ವೈದ್ಯರು 1917ರಲ್ಲಿ ಇದನ್ನು ಮೊದಲು ವರ್ಣಿಸಿದರು. ದಕ್ಷಿಣ ಭಾರತದಲ್ಲಿಯೂ ಇದು ಕಂಡುಬರುತ್ತದೆ. ಆ ಪುಡಿಯನ್ನು ವಿಶ್ಲೇಷಿಸಿದಾಗ ಅದರೊಳಗೆ ಕ್ಲಸ್ಟರಿನ್ ಸಿಕ್ಕಿತು. ಕಸ ತೆಗೆಯಲು ಹೋದ ಆಳೇ ಕಸದಲ್ಲಿ ಹೂತುಹೋದಂತೆ.

2013ರಲ್ಲಿ ಜಪಾನಿನ ಸಂಶೋಧಕರು ತೆರೆದ ಕೋನದ ಗ್ಲಾಕೋಮವಿದ್ದವರ ಜಲರಸವನ್ನು ಇತರರ ಜಲರಸದೊಡನೆ ಹೋಲಿಸಿ, ರೋಗಿಗಳಲ್ಲಿ ಎಪೊ ಎ-1, ಎಪೊ ಇ ಮುಂತಾದವು ಹೆಚ್ಚಾಗಿರುವುದನ್ನು ತೋರಿಸಿದರು. ಇವುಗಳಲ್ಲಿ ಹಲವು ಆಲ್ಝೈಮರ್ ಕಾಯಿಲೆಯೊಡನೆಯೂ ಹೆಸರು ಸೇರಿಕೊಂಡಿರುವ ಪ್ರೋಟೀನುಗಳು. ಪತ್ರಿಕೆಗಳಿಗೆ ಇಷ್ಟು ಸಾಕು: "ಗ್ಲಾಕೋಮವೆಂದರೆ ಕಣ್ಣಿನ ಆಲ್ಝೈಮರ್" ಎಂಬ ತಲೆಬರಹ ಸಿದ್ಧ. ಆದರೆ ಜಲರಸದ ಮಾದರಿ ದೊರೆಯುವ ಬಗೆಯನ್ನು ನೋಡಿ. ಯಾರ ಕಣ್ಣಿಗೂ ಸುಮ್ಮನೆ ಸೂಜಿ ಚುಚ್ಚಲಾಗದು. ಶಸ್ತ್ರಚಿಕಿತ್ಸೆಗೆಂದು ಮಲಗಿದವರ ಕಣ್ಣಿನಿಂದ ಒಂದೆರಡು ಹನಿ ತೆಗೆಯುತ್ತಾರೆ. ಆದ್ದರಿಂದ "ಆರೋಗ್ಯವಂತರು" ಎನಿಸಿಕೊಂಡವರು ವಾಸ್ತವವಾಗಿ ಕಣ್ಣಿನ ಪೊರೆಯವರು. ಗ್ಲಾಕೋಮದವರು ಹಲವು ವರ್ಷ ಔಷಧಿ ಹಾಕಿಕೊಂಡವರು. ಔಷಧಿಯಿಂದಲೋ ರೋಗದಿಂದಲೋ ತಡೆಗೋಡೆ ಸ್ವಲ್ಪ ಸಡಿಲಗೊಂಡಿದ್ದರೆ ರಕ್ತದ ಪ್ರೋಟೀನುಗಳೇ ಒಳಕ್ಕೆ ಸೋರಿರಬಹುದು. ಹೆಚ್ಚಿರುವುದು ಕಾರಣವೋ ಪರಿಣಾಮವೋ ಎಂದು ಈ ಬಗೆಯ ಪರೀಕ್ಷೆಯೊಂದರಿಂದಲೇ ಹೇಳಲಾಗದು.

ಈ ಗೊಂದಲವನ್ನು ಸ್ವಲ್ಪ ಮಟ್ಟಿಗೆ ಬಿಡಿಸಿದ್ದು ವಂಶವಾಹಿಗಳ ಅಧ್ಯಯನ. ವಂಶವಾಹಿ ಹುಟ್ಟಿನಿಂದಲೇ ಬಂದದ್ದು, ಔಷಧಿಯಿಂದ ಬದಲಾಗುವುದಿಲ್ಲ. ಇಲ್ಲಿ ಸ್ವಾರಸ್ಯಕರವಾದ ಪೂರ್ವಕಥೆಯೊಂದಿದೆ. ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಸೇರಿದ, ಚೆಸಪೀಕ್ ಕೊಲ್ಲಿಯ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪದ ಬಾಲಕನೊಬ್ಬನ ಗಂಟಲಿನ ಟಾನ್ಸಿಲುಗಳು ಕಿತ್ತಳೆ ಬಣ್ಣದವಾಗಿದ್ದವು. ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1961ರಲ್ಲಿ ಇದನ್ನು ವಿವರಿಸಿದರು. ಆ ಬಣ್ಣ ಬಂದದ್ದು ಜೀವಕೋಶಗಳಲ್ಲಿ ಶೇಖರಗೊಂಡ ಕೊಲೆಸ್ಟರಾಲಿನಿಂದ. ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಡಿಮೆ. 1999ರಲ್ಲಿ ಕಾರಣ ತಿಳಿಯಿತು. ಎಬಿಸಿಎ-1 ಎಂಬ ವಂಶವಾಹಿ ಎರಡೂ ಪ್ರತಿಗಳಲ್ಲಿ ಕೆಟ್ಟಿತ್ತು. ಜೀವಕೋಶದೊಳಗಿನ ಹೆಚ್ಚುವರಿ ಕೊಲೆಸ್ಟರಾಲನ್ನು ಹೊರಕ್ಕೆ ತಳ್ಳಿ, ಹೊರಗೆ ಕಾದಿರುವ ಎಪೊ ಎ-1ರ ಹೆಗಲಿಗೇರಿಸುವುದು ಈ ವಂಶವಾಹಿಯಿಂದಾಗುವ ಪ್ರೋಟೀನಿನ ಕೆಲಸ.

2014ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಮೂರು ತಂಡಗಳ ವರದಿಗಳು ಪ್ರಕಟವಾದವು. ಆಸ್ಟ್ರೇಲಿಯಾದ ರೋಗಿಗಳಿಂದ ಆರಂಭಿಸಿದ ಅಧ್ಯಯನ ಒಂದು, ಚೀನೀಯರದು ಇನ್ನೊಂದು, ಕಣ್ಣಿನೊತ್ತಡವನ್ನೇ ಅಳೆದ ಹಲವು ದೇಶಗಳ ಒಕ್ಕೂಟದ್ದು ಮೂರನೆಯದು. ಮೂರೂ ಬೆರಳು ಮಾಡಿದ್ದು ಇದೇ ಎಬಿಸಿಎ-1ರ ಸಮೀಪಕ್ಕೆ. ಟ್ಯಾಂಜಿಯರಿನ ಬಾಲಕನಲ್ಲಿದ್ದಂಥ ಪೂರ್ಣ ಕೆಡುಕಲ್ಲ ಇದು. ವಂಶವಾಹಿಯ ಬಳಿಯ ಸಣ್ಣ ಅಕ್ಷರಭೇದ. ನಮ್ಮಲ್ಲಿ ಎಷ್ಟೋ ಜನರಲ್ಲಿ ಇದ್ದೀತು. ಆದರೆ ಬೇರೆ ಬೇರೆ ಜನಾಂಗಗಳಲ್ಲಿ ಒಂದೇ ಗುರುತು ದೊರೆತದ್ದು ಆಕಸ್ಮಿಕವೆನ್ನಲಾಗದು. ಈ ಪ್ರೋಟೀನು ಜಾಲರಿ ಅಂಗಾಂಶದಲ್ಲಿಯೂ ದೃಷ್ಟಿನರದಲ್ಲಿಯೂ ಇದೆ. ಇದಕ್ಕೆ ನಾಲ್ಕು ವರ್ಷ ಮುಂಚೆ, 2010ರಲ್ಲಿ, ಐಸ್‌ಲೆಂಡಿನ ಸಂಶೋಧಕರು ಕೇವಿಯೋಲಿನ್ ಎಂಬ ವಂಶವಾಹಿಗಳ ಸಮೀಪದಲ್ಲಿ ಇನ್ನೊಂದು ಗುರುತನ್ನು ಕಂಡಿದ್ದರು. ಕೇವಿಯೋಲಿನ್ ಎಂಬುದು ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಸಮೃದ್ಧವಾಗಿರುವ ಸಣ್ಣ ಗುಳಿಗಳನ್ನು ಕಟ್ಟುವ ಪ್ರೋಟೀನು. ಎರಡೂ ಸಾಕ್ಷ್ಯಗಳು ಒಂದೇ ದಿಕ್ಕನ್ನು ತೋರುತ್ತವೆ: ತೂಬಿನ ಕೋಶಗಳು ತಮ್ಮ ಪೊರೆಯ ಕೊಲೆಸ್ಟರಾಲನ್ನು ಹೇಗೆ ನಿಭಾಯಿಸುತ್ತವೆ ಎಂಬುದು ಒತ್ತಡದ ಮೇಲೆ ಪರಿಣಾಮ ಬೀರುತ್ತಿರಬಹುದು. ನನ್ನ ಮಟ್ಟಿಗೆ, ಈ ಇಡೀ ವಿಷಯದಲ್ಲಿ ಅತ್ಯಂತ ಭದ್ರವಾದ ನೆಲ ಇದೇ.

ಇನ್ನು ಎಪೊ ಇ. ಇದರಲ್ಲಿ 2, 3, 4 ಎಂದು ಮೂರು ರೂಪಗಳಿದ್ದು 4ನೆಯ ರೂಪವನ್ನು ಪಡೆದವರಿಗೆ ಆಲ್ಝೈಮರ್ ಕಾಯಿಲೆಯ ಸಂಭವ ಹೆಚ್ಚೆಂದು 1993ರಿಂದಲೇ ತಿಳಿದಿದೆ. ಗ್ಲಾಕೋಮ ನಿಜಕ್ಕೂ "ಕಣ್ಣಿನ ಆಲ್ಝೈಮರ್" ಆಗಿದ್ದರೆ ಅದೇ ರೂಪ ಇಲ್ಲಿಯೂ ಕೆಡುಕು ಮಾಡಬೇಕಿತ್ತು. ಆದರೆ 2022ರಲ್ಲಿ ಬಾಸ್ಟನ್ನಿನ ತಂಡವೊಂದು ಪ್ರಕಟಿಸಿದ ಅಧ್ಯಯನದಲ್ಲಿ 4ನೆಯ ರೂಪವಿರುವವರಿಗೆ ಗ್ಲಾಕೋಮದ ಸಂಭವ ಕಡಿಮೆಯೆಂದು ಕಂಡಿತು. ಅಕ್ಷಿಪಟಲದಲ್ಲಿ ಮೈಕ್ರೊಗ್ಲಿಯಾ ಎಂಬ ಕಾವಲು ಕೋಶಗಳಿವೆ. ರೋಗ ಬಂದಾಗ ಅವು ಕಾವಲನ್ನು ಬಿಟ್ಟು ನರಕೋಶಗಳ ಮೇಲೆಯೇ ಎರಗುತ್ತವೆ. ಹಾಗೆ ಬದಲಾಗಲು ಅವುಗಳಿಗೆ ಎಪೊ ಇ ಬೇಕು. 4ನೆಯ ರೂಪವಿದ್ದ ಇಲಿಗಳಲ್ಲಿ ಆ ಬದಲಾವಣೆ ಸರಿಯಾಗಿ ನಡೆಯದೆ ನರಕೋಶಗಳು ಉಳಿದುಕೊಂಡವು. ಮಿದುಳಿನಲ್ಲಿ ವೈರಿಯಾದದ್ದು ಕಣ್ಣಿನಲ್ಲಿ ಮಿತ್ರ! ಪತ್ರಿಕೆಯ ತಲೆಬರಹ ಎಷ್ಟು ಅವಸರದ್ದೆಂಬುದು ಇದರಿಂದ ತಿಳಿಯುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ದಾದಿಯರು ಮತ್ತು ಇತರ ಆರೋಗ್ಯ ವೃತ್ತಿಯವರು ಸೇರಿ 1,36,000ಕ್ಕೂ ಹೆಚ್ಚು ಮಂದಿಯನ್ನು ಬಹುಕಾಲ ಗಮನಿಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಒಟ್ಟು ಕೊಲೆಸ್ಟರಾಲ್ 20 ಅಂಶ ಹೆಚ್ಚಿದಂತೆಲ್ಲ ಗ್ಲಾಕೋಮದ ಸಂಭವ ಶೇಕಡ 7ರಷ್ಟು ಹೆಚ್ಚು. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸ್ಟ್ಯಾಟಿನ್ ಸೇವಿಸಿದವರಲ್ಲಿ ಶೇಕಡ 21ರಷ್ಟು ಕಡಿಮೆ. ಹಿರಿಯರು ಓದಿದ ಸುದ್ದಿಯ ಮೂಲ ಇದೇ ಇರಬೇಕು. ಆದರೆ 2022ರಲ್ಲಿ ಬ್ರಿಟನ್ನಿನ ಎರಡು ದೊಡ್ಡ ಸಮೂಹಗಳಲ್ಲಿ ನೋಡಿದಾಗ, ನಾವು "ಒಳ್ಳೆಯ ಕೊಲೆಸ್ಟರಾಲ್" ಎಂದು ಹೊಗಳುವ ಎಚ್‌ಡಿಎಲ್ ಹೆಚ್ಚಿದ್ದವರಲ್ಲಿಯೂ ಕಣ್ಣಿನೊತ್ತಡ ತುಸು ಹೆಚ್ಚಾಗಿತ್ತು, ಎಲ್‌ಡಿಎಲ್ ಹೆಚ್ಚಿದ್ದವರಲ್ಲಿಯೂ ತುಸು ಹೆಚ್ಚು. ವಂಶವಾಹಿಗಳ ಆಧಾರದಿಂದ ಕಾರ್ಯಕಾರಣ ಸಂಬಂಧವನ್ನು ಹುಡುಕಿದಾಗ ಅದು ದೊರೆಯಲಿಲ್ಲ. ಅಮೆರಿಕದ 'ಆಲ್ ಆಫ್ ಅಸ್' ಯೋಜನೆಯ ಮಾಹಿತಿಯಲ್ಲಂತೂ ಸ್ಟ್ಯಾಟಿನ್ ಸೇವಿಸುವವರಲ್ಲಿಯೇ ಗ್ಲಾಕೋಮ ಸ್ವಲ್ಪ ಹೆಚ್ಚಾಗಿ ಕಂಡಿತು. ಹೀಗೆ ಪರಸ್ಪರ ವಿರುದ್ಧವಾದ ಫಲಿತಾಂಶಗಳನ್ನು ನಂಬಿ ಔಷಧಿ ಬದಲಿಸುವುದು ವಿವೇಕವಲ್ಲ. ಸ್ಟ್ಯಾಟಿನ್ ಸೇವನೆ ಹೃದಯಕ್ಕಾಗಿ. ಕಣ್ಣಿನ ಭಯದಿಂದ ಅದನ್ನು ಬಿಡಲೂಬಾರದು, ಕಣ್ಣಿನ ಆಸೆಯಿಂದ ಹಿಡಿಯಲೂಬಾರದು. ಒತ್ತಡ ಇಳಿಸುವುದರ ಲಾಭವಾದರೋ ಪ್ರಯೋಗದಿಂದಲೇ ಸಿದ್ಧವಾದದ್ದು. ಒತ್ತಡ ಮಾತ್ರ ಹೆಚ್ಚಿದ್ದು ನರ ಇನ್ನೂ ಸರಿಯಿದ್ದವರ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಐದು ವರ್ಷಗಳಲ್ಲಿ ಹನಿ ಹಾಕದವರ ಪೈಕಿ ಶೇಕಡ 9.5 ಮಂದಿಗೆ ಗ್ಲಾಕೋಮ ಬಂತು, ಹಾಕಿದವರಲ್ಲಿ ಶೇಕಡ 4.4.

ಆ ಹನಿಗಳ ವಿಚಾರವೂ ಜಿಡ್ಡಿನ ವಿಚಾರವೇ. ಇಂದು ಬಹಳವಾಗಿ ಬಳಕೆಯಲ್ಲಿರುವ ಲಟಾನೊಪ್ರಾಸ್ಟ್ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದು ಪ್ರೊಸ್ಟಗ್ಲಾಂಡಿನ್ ವರ್ಗದ್ದು, ಅಂದರೆ ಕೊಬ್ಬಿನಾಮ್ಲದಿಂದ ದೇಹವೇ ಮಾಡಿಕೊಳ್ಳುವ ವಸ್ತುವಿನ ಮಾದರಿಯಲ್ಲಿ ಕಟ್ಟಿದ್ದು. ಜಲರಸದಲ್ಲಿಯೂ ಪ್ರೊಸ್ಟಗ್ಲಾಂಡಿನನ್ನು ತಯಾರಿಸುವ, ಜಿಡ್ಡಿನ ವಸ್ತುಗಳನ್ನು ಹೊರುವ ಪ್ರೋಟೀನೊಂದಿದೆ. ಪ್ರೊಸ್ಟಗ್ಲಾಂಡಿನಿನಿಂದ ಕಣ್ಣು ಉರಿಯುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಸಣ್ಣ ಪ್ರಮಾಣದಲ್ಲಿ ಅದು ಒತ್ತಡವನ್ನು ಇಳಿಸಬಲ್ಲುದೆಂದು ತೋರಿಸಿದವರು ಲಾಸ್ಲೊ ಬಿಟೊ. 1956ರ ಕ್ರಾಂತಿಯ ನಂತರ ಹಂಗೆರಿಯನ್ನು ಬಿಟ್ಟು ಅಮೆರಿಕಕ್ಕೆ ಬಂದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು; ತಮ್ಮ ತಾಯ್ನುಡಿಯಲ್ಲಿ ಕಾದಂಬರಿಗಳನ್ನೂ ಬರೆದರು. ಕನ್ನಡ ಕೂಟದಲ್ಲಿ ಈ ಮಾತನ್ನು ಹೇಳದಿರಲಾರೆ. ಈ ಔಷಧಿ ಜಿಡ್ಡಿನ ಗುಣದ್ದಾದ್ದರಿಂದಲೇ ಕಾರ್ನಿಯಾದ ಹೊರಪದರವನ್ನು ದಾಟುತ್ತದೆ, ಅಲ್ಲಿಯ ಕಿಣ್ವಗಳಿಂದ ಕತ್ತರಿಸಲ್ಪಟ್ಟು ಜಲರಸವನ್ನು ಸೇರುತ್ತದೆ, ಮುಖ್ಯವಾಗಿ ಕೋಡಿಯ ದಾರಿಯನ್ನು ಅಗಲಿಸುತ್ತದೆ.

ಇದೇ ಜಿಡ್ಡಿನ ಕುಲದ ಇನ್ನೊಂದು ವಸ್ತು ಸ್ಟಿರಾಯ್ಡ್. ದೇಹವು ಕೊಲೆಸ್ಟರಾಲಿನಿಂದ ಕಾರ್ಟಿಸಾಲ್ ತಯಾರಿಸುತ್ತದೆ. ಔಷಧಿಯ ಸ್ಟಿರಾಯ್ಡುಗಳು ಅದರ ಸೋದರರು. ಕೆಲವು ವಾರ ಕಣ್ಣಿಗೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರ ಒತ್ತಡ ಸ್ವಲ್ಪ ಏರುತ್ತದೆ, ನೂರರಲ್ಲಿ ನಾಲ್ಕೈದು ಮಂದಿಗೆ ಬಹಳವಾಗಿ ಏರುತ್ತದೆ. ಗ್ಲಾಕೋಮ ರೋಗಿಗಳ ಕುಟುಂಬದವರಿಗೆ ಈ ಅಪಾಯ ಹೆಚ್ಚು. ಊರಿನಲ್ಲಿ ಕಣ್ಣು ಕೆಂಪಾದರೆ, ಮಕ್ಕಳಿಗೆ ಅಲರ್ಜಿಯಿಂದ ಕಣ್ಣು ತುರಿಸಿದರೆ, ಮೆಡಿಕಲ್ ಶಾಪಿನವರನ್ನು ಕೇಳಿ ಒಂದು ಬಾಟಲಿ ತರುವ ರೂಢಿಯಿದೆ. ಹಾಕಿದೊಡನೆ ಕೆಂಪು ಇಳಿಯುವುದರಿಂದ ಮತ್ತೆ ಮತ್ತೆ ತರುತ್ತಾರೆ. ತಂದೆತಾಯಿಯರು ಇಲ್ಲಿಗೆ ಬಂದಾಗ ಅವರ ಔಷಧಿಯ ಚೀಲವನ್ನು ದಯವಿಟ್ಟು ಒಮ್ಮೆ ನೋಡಿ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಅದನ್ನು ಎಷ್ಟು ಕಾಲದಿಂದ, ಯಾರ ಸಲಹೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆಂದು ಕೇಳಿ, ನೇತ್ರತಜ್ಞರಿಗೆ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರೇ ಕೊಟ್ಟದ್ದಾದರೆ ನಾವಾಗಿಯೇ ನಿಲ್ಲಿಸಬಾರದು.

ಉಪನ್ಯಾಸದ ನಂತರ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಸಂಪಾದಕರ ಅಪೇಕ್ಷೆಯಂತೆ ಇಲ್ಲಿ ಸೇರಿಸಿದ್ದೇನೆ.

ತುಪ್ಪ ಬಿಡಬೇಕೇ ಎಂದು ಒಬ್ಬ ತಾಯಿ ಕೇಳಿದರು. ಗ್ಲಾಕೋಮಕ್ಕಾಗಿ ಬಿಡಬೇಕೆನ್ನಲು ಆಧಾರವಿಲ್ಲ. ಹೃದಯದ ವಿಚಾರವನ್ನು ನನ್ನ ಚಿಕಿತ್ಸಾಲಯದಲ್ಲಿ ಕೇಳಿದರೆ ಬೇರೆ ಉತ್ತರ ಕೊಟ್ಟೇನು.

ಶೀರ್ಷಾಸನ ಮಾಡಬಹುದೇ? ಚೆನ್ನೈನಲ್ಲಿ ಯೋಗಾಭ್ಯಾಸಿಗಳನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಭಂಗಿಯಲ್ಲಿರುವಾಗ ಕಣ್ಣಿನೊತ್ತಡ ಎರಡು ಪಟ್ಟಾಗುವುದು ಕಂಡಿತು. ಗ್ಲಾಕೋಮವಿದ್ದವರು ತಲೆಕೆಳಗಾಗುವ ಆಸನಗಳನ್ನು ಬಿಡುವುದು ಒಳಿತು. ಪ್ರಾಣಾಯಾಮಕ್ಕೂ ನಡಿಗೆಗೂ ಅಡ್ಡಿಯಿಲ್ಲ.

ಅಪ್ಪನಿಗೆ ಗ್ಲಾಕೋಮವಿದೆ, ನಾನೇನು ಮಾಡಬೇಕೆಂದು ತರುಣರೊಬ್ಬರು ಕೇಳಿದರು. ನೆದರ್ಲೆಂಡಿನ ರಾಟರ್‌ಡ್ಯಾಮಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗಿಗಳ ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಜೀವಮಾನದ ಸಂಭವ ಶೇಕಡ 22. ಇತರ ಕುಟುಂಬಗಳಲ್ಲಿ ಶೇಕಡ 2.3. ಆದ್ದರಿಂದ ನಲವತ್ತರ ಹೊತ್ತಿಗಾದರೂ ಪರೀಕ್ಷೆ ಆಗಬೇಕು. ಕನ್ನಡಕದ ಅಂಗಡಿಯಲ್ಲಿ ಗಾಳಿ ಊದಿ ಒತ್ತಡ ನೋಡಿದರೆ ಸಾಲದು. ಕಣ್ಣಪಾಪೆ ಹಿಗ್ಗಿಸಿ ದೃಷ್ಟಿನರವನ್ನೂ ಕನ್ನಡಿಯಿಟ್ಟು ಕೋನವನ್ನೂ ನೋಡಬೇಕು, ಅಗತ್ಯವಿದ್ದರೆ ನೋಟದ ವ್ಯಾಪ್ತಿಯನ್ನೂ ಅಳೆಯಬೇಕು. ಮೆಡಿಕೇರ್ ಉಳ್ಳ ಹಿರಿಯರಲ್ಲಿ ಮಧುಮೇಹ ಅಥವಾ ಕುಟುಂಬದ ಇತಿಹಾಸವಿದ್ದವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆಯ ಸೌಲಭ್ಯವಿದೆ. ಊರಿನಿಂದ ಬರುವ ತಂದೆತಾಯಿಯರಿಗೆ ಅದಿಲ್ಲ; ವಿಮಾನ ಹತ್ತುವ ಮುಂಚೆ ಅಲ್ಲಿಯೇ ತೋರಿಸಿ, ಒತ್ತಡದ ಅಂಕಿ ಮತ್ತು ನರದ ವಿವರಗಳಿರುವ ಕಾಗದವನ್ನು ಜೊತೆಗೆ ತರಿಸಿಕೊಳ್ಳಿ.

ಹನಿ ಹಾಕುವ ಕ್ರಮವನ್ನು ಕೇಳಿದವರು ಇಬ್ಬರು. ಕೈ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಬಳಿಕ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಇಲ್ಲವಾದರೆ ಔಷಧಿ ಮೂಗಿಗಿಳಿದು ರಕ್ತ ಸೇರುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡುವಿರಲಿ.